ತೊಳೆದ ಚುಕ್ಕೆ, ಉಳಿದ ಚುಕ್ಕೆ

ಆಪರೇಷನ್ನಿಗೆ ಮುಂಚೆ ರೋಗಿಯ ಕಾಲು ತೊಳೆಯುವುದು ನನ್ನ ಕೆಲಸ. ಜಯನಗರದ ಒಂದು ಸಣ್ಣ ಮೂಳೆ ಆಸ್ಪತ್ರೆಯಲ್ಲಿ ಥಿಯೇಟರಿನ ಆಯಾ ಆಗಿದ್ದೆ. ಸಿಸ್ಟರುಗಳು ಅದಕ್ಕೆ ಪ್ರಿಪರೇಷನ್ ಅನ್ನುತ್ತಿದ್ದರು. ನನಗೆ ಅದು ಪಾತ್ರೆ ತಿಕ್ಕಿದ ಹಾಗೆ. ಮೊದಲು ಬ್ಲೇಡಿನಿಂದ ಕೂದಲು ತೆಗೆಯಬೇಕು. ಆಮೇಲೆ ಸೋಪು ನೀರು ಹಾಕಿ ಬ್ರಷ್ಷಿನಿಂದ ಉಗುರಿನ ಸಂದಿ, ಬೆರಳಿನ ಸಂದಿ, ಹಿಮ್ಮಡಿಯ ಬಿರುಕು ಎಲ್ಲ ತಿಕ್ಕಬೇಕು. ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸಿ, ಹಬೆಯಲ್ಲಿ ಬೇಯಿಸಿದ ಬಟ್ಟೆಯನ್ನು ಮಂಡಿಯವರೆಗೆ ಸುತ್ತಿ ಕಟ್ಟಬೇಕು. ಇಷ್ಟಾದರೆ ನನ್ನ ಕೆಲಸ ಮುಗಿಯಿತು. ಒಳಗೆ ಬಂದರೆ ಗೋಡೆ ಪಕ್ಕ ಬಕೆಟ್ ಹತ್ತಿರ ನಿಲ್ಲಬೇಕು, ಬಾಯಿ ತೆಗೆಯಬಾರದು.

ನಾನು ಹೇಳಹೊರಟಿರುವ ಹುಡುಗಿ ಬರುವುದಕ್ಕೆ ಒಂದು ವಾರ ಮುಂಚೆ ಒಬ್ಬ ಮುದುಕನ ಉಗುರಿನ ಸಂದಿಯಲ್ಲಿ ಅರಿಶಿನ ಉಳಿದುಬಿಟ್ಟಿತ್ತು. ಮೇಜಿನ ಮೇಲೆ ಮಲಗಿಸಿದ ಮೇಲೆ ಡಾಕ್ಟ್ರ ಕಣ್ಣಿಗೆ ಬಿತ್ತು. ಮುದುಕನನ್ನು ಮತ್ತೆ ಹೊರಗೆ ತಂದು ತೊಳೆಯಬೇಕಾಯಿತು. ದೊಡ್ಡ ಸಿಸ್ಟರ್ ಎಲ್ಲರ ಮುಂದೆ ನನ್ನನ್ನು ಝಾಡಿಸಿದರು. "ಕಾಲು ತೊಳೆಯೋಕೂ ನಿಂಗೆ ಟ್ರೈನಿಂಗ್ ಕೊಡ್ಬೇಕೇನಮ್ಮಾ? ಇನ್ನೊಂದ್ಸಲ ಒಂದೇ ಒಂದು ಕಲೆ ಕಂಡ್ರೆ ಥಿಯೇಟರಿಂದ ಆಚೆ ಹಾಕ್ತೀನಿ." ಇದನ್ನು ನೆಪಕ್ಕೆ ಹೇಳುತ್ತಿಲ್ಲ. ಹೀಗಿತ್ತು, ಅದಕ್ಕೆ ಹೇಳಿದೆ.

ಹುಡುಗಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಉತ್ತರ ಕರ್ನಾಟಕದ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ. ತಾಯಿ ಒಂದು ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ಮಗಳು ಜಯನಗರದಲ್ಲೇ ಒಂದು ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕಿದ್ದಳು. ಆ ಅಂಗಡಿಗಳಲ್ಲಿ ಕೆಲಸದ ಹುಡುಗಿಯರು ಕೂರುವ ಹಾಗಿಲ್ಲ. ಬೆಳಗ್ಗೆಯಿಂದ ಸಂಜೆವರೆಗೆ ನಿಂತೇ ಇರಬೇಕು. ಎರಡು ವರ್ಷದಿಂದ ಬಲಪಾದ ನೋವು. ಊದಿರಲಿಲ್ಲ, ಗಾಯವಿರಲಿಲ್ಲ, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಅಂಗಡಿ ಮ್ಯಾನೇಜರ್ ನಾಟಕ ಅಂದ. ಒಬ್ಬ ಡಾಕ್ಟ್ರು ಮದುವೆ ಮಾಡಿ ಸರಿಹೋಗುತ್ತದೆ ಅಂದರಂತೆ.

ನಮ್ಮ ಮೂಳೆ ಡಾಕ್ಟ್ರು ಎರಡೇ ಪ್ರಶ್ನೆ ಕೇಳಿ ರೋಗ ಹಿಡಿದರು. "ನೋವು ಹಗಲು ಜಾಸ್ತಿನಾ, ರಾತ್ರಿ ಜಾಸ್ತಿನಾ?" ರಾತ್ರಿ ಅಂದಳು. "ಯಾವ ಮಾತ್ರೆಗೆ ಹೋಗುತ್ತೆ?" ಅಂಗಡಿಗಳಲ್ಲಿ ತಲೆನೋವಿಗೆ ಕೊಡುವ ಆಸ್ಪಿರಿನ್ನಿಗೆ ಅಂದಳು. ನುಂಗಿದರೆ ಅರ್ಧ ಗಂಟೆಗೆ ಹೋಗುತ್ತದೆ, ನಾಲ್ಕು ಗಂಟೆ ಬಿಟ್ಟು ಮತ್ತೆ ಬರುತ್ತದೆ. ಎರಡು ವರ್ಷದಿಂದ ಹಾಗೆ ನುಂಗಿ ನುಂಗಿ ಹೊಟ್ಟೆ ಹಾಳಾಗಿತ್ತು. ಡಾಕ್ಟ್ರು ಸ್ಕ್ಯಾನಿಗೆ ಕಳಿಸಿದರು. ಕಾಲಿನ ಗಿಣ್ಣಿನ ಕೆಳಗೆ ಇರುವ ಮೂಳೆಯ ಒಳಗೆ ಕಾಳಿನಷ್ಟು ದೊಡ್ಡ ಒಂದು ಗಂಟು. ಕ್ಯಾನ್ಸರ್ ಅಲ್ಲ. ಬೆಳೆಯುವುದಿಲ್ಲ, ಸಾಯಿಸುವುದಿಲ್ಲ, ಮಲಗಲು ಬಿಡುವುದಿಲ್ಲ. ಪಾದದಲ್ಲಿ ಬರುವುದು ಬಹಳ ಅಪರೂಪ, ತಾನು ನೋಡುತ್ತಿರುವುದು ಇದು ಎರಡನೆಯದು ಅಂತ ಡಾಕ್ಟ್ರು ಸಿಸ್ಟರಿಗೆ ಹೇಳಿದ್ದನ್ನು ಕೇಳಿಸಿಕೊಂಡೆ.

ಪಾದ ಸೀಳಿ ಮೂಳೆ ಒಡೆದು ತೆಗೆಯಬಹುದು. ಆದರೆ ಆ ಮೂಳೆಗೆ ರಕ್ತ ಹೋಗುವುದೇ ಕಡಿಮೆಯಂತೆ. ಒಡೆದರೆ ಮೂಳೆಯೇ ಸತ್ತರೂ ಸಾಯಬಹುದು. ಅದಕ್ಕೆ ಡಾಕ್ಟ್ರು ಇನ್ನೊಂದು ದಾರಿ ಹಿಡಿದರು. ಅಕ್ಕಿಕಾಳಿನಷ್ಟು ಚರ್ಮ ಕೊಯ್ದು ಒಂದು ತಂತಿ ಇಳಿಸುವುದು. ತಂತಿಯ ಮೇಲೆ ಟೊಳ್ಳು ಬೈರಿಗೆ ಹಾಕಿ ತಿರುಗಿಸಿ ಆ ಗಂಟನ್ನು ಹಾಗೇ ಹೊರಗೆ ಎಳೆಯುವುದು. ಒಂದು ಹೊಲಿಗೆ, ಮುಗಿಯಿತು. ಆದರೆ ಗಂಟು ಎಲ್ಲಿದೆ ಅಂತ ಗೊತ್ತಿರಬೇಕು. ಥಿಯೇಟರಿನ ಎಕ್ಸ್‌ರೇ ಯಂತ್ರದಲ್ಲಿ ಮೂಳೆ ಕಾಣುತ್ತದೆ, ಗಂಟು ಕಾಣುವುದಿಲ್ಲ. ಸ್ಕ್ಯಾನಿನಲ್ಲಿ ಮಾತ್ರ ಕಾಣುತ್ತದೆ. ನಮ್ಮಲ್ಲಿ ಸ್ಕ್ಯಾನ್ ಇರಲಿಲ್ಲ. ಜೆಪಿ ನಗರದ ಸ್ಕ್ಯಾನ್ ಸೆಂಟರಿನಲ್ಲಿ ಬೆಳಗ್ಗೆ ಗಂಟು ಇರುವ ಜಾಗದ ಮೇಲೆ ಚರ್ಮಕ್ಕೆ ಒಂದು ಚುಕ್ಕೆ ಇಟ್ಟು, ಎಷ್ಟು ಆಳ, ಯಾವ ಓರೆ ಅಂತ ಬರೆದು ಕಳಿಸುವುದು, ನಮ್ಮ ಡಾಕ್ಟ್ರು ಆ ಚುಕ್ಕೆಯಲ್ಲಿ ಇಳಿಯುವುದು. ಹೀಗೆ ಮಾತಾಗಿತ್ತು.

ತಾಯಿ ಒಪ್ಪುವುದಕ್ಕೆ ತಿಂಗಳು ಹಿಡಿಯಿತು. ಒಪ್ಪಿದ ಮೇಲೂ ಡಾಕ್ಟ್ರ ಮುಂದೆ ಕೈ ಕಟ್ಟಿ ನಿಂತು ಖಡಕ್ಕಾಗಿ ಹೇಳಿದಳು. "ಒಂದ ಸಲ ನೋಡ್ತೀನ್ರಿ ಸಾಹೇಬ್ರ. ಆಗಲಿಲ್ಲಂದ್ರ ಎರಡನೇ ಸಲ ಇಲ್ರಿ. ಊರಿಗೆ ಕರ್ಕೊಂಡು ಹೋಗಿ ಕಾಲಿಗೆ ಬರಿ ಎಳಸ್ತೀನಿ." ಕಾದ ಕಬ್ಬಿಣದ ಬರೆ. ಅವಳು ಹೆದರಿಸಲು ಹೇಳಿದ್ದಲ್ಲ. ದಿನ ಕೂಡ ಗೊತ್ತು ಮಾಡಿಕೊಂಡಿದ್ದಳು.

ಹಿಂದಿನ ದಿನವೇ ಹುಡುಗಿಯನ್ನು ವಾರ್ಡಿಗೆ ಸೇರಿಸಿಕೊಂಡರು. ಹೊಟ್ಟೆ ಖಾಲಿ ಇರಬೇಕು, ಮಾತ್ರೆ ಕೊಡಬೇಡಿ ಅಂತ ಆರ್ಡರ್. ಬೆಳಗ್ಗೆ ಆರಕ್ಕೆ ನಾನು ಡ್ಯೂಟಿಗೆ ಬಂದಾಗ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೋಡೆಗೆ ತಲೆ ಬಡಿಯುತ್ತಾ ಕೂತಿದ್ದಳು. ಜೋರಾಗಿ ಅಲ್ಲ, ಮೆಲ್ಲಗೆ, ಒಂದೇ ಸಮನೆ.

"ಆಯಿ, ಒಂದ ಗುಳಿಗಿ ಕೊಡ್ರಿ," ಅಂದಳು. ಎಲ್ಲರೂ ನನ್ನನ್ನು ಆಯಾ ಅಂದರೆ ಅವಳು ಆಯಿ ಅನ್ನುತ್ತಿದ್ದಳು. ಅವರ ಕಡೆ ಅಜ್ಜಿಗೆ ಹಾಗನ್ನುತ್ತಾರಂತೆ.

"ಕೊಡಂಗಿಲ್ಲ ಕಣಮ್ಮ."

"ಹಂಗಾದ್ರ ಕೊಡ್ಲಿ ತರ್ರಿ. ಕಾಲ ಕಡದು ಒಗೀತೀನಿ."

"ಕೊಡಲಿ ಡಾಕ್ಟ್ರ ಹತ್ರ ಐತೆ. ಒಂಬತ್ತು ಗಂಟೆಗೆ ಬರ್ತಾರೆ," ಅಂದೆ. ಅವಳು ನಗಲಿಲ್ಲ.

ಸ್ಕ್ಯಾನಿಗೆ ಹೋಗಿ ಬಂದಾಗ ಎಂಟೂವರೆ. ಇಂಥ ಕೇಸಿಗೆ ಹಿಂದಿನ ಸಂಜೆಯೇ ತೊಳೆದಿರಬೇಕಿತ್ತು. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಾಯಿ ಆ ಪಾದಕ್ಕೆ ದಿನಾ ಎಣ್ಣೆ ಅರಿಶಿನ ಹಚ್ಚುತ್ತಿದ್ದಳು. ಪಾದವೆಲ್ಲ ಹಳದಿ ಜಿಡ್ಡು. ಮೇಲ್ಗಡೆ ಒಂದು ಬಟ್ಟೆ ತುಂಡು ಇಟ್ಟು ಅಂಟಿನ ಪಟ್ಟಿ ಹಾಕಿದ್ದರು. ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ನಾನು ಕನ್ನಡವನ್ನೇ ಒಂದೊಂದು ಅಕ್ಷರ ಕೂಡಿಸಿ ಓದಬೇಕು. ಪಟ್ಟಿ ಕಿತ್ತು ಬಕೆಟ್ಟಿಗೆ ಹಾಕಿದೆ. ಅದರ ಕೆಳಗೆ ನೇರಳೆ ಬಣ್ಣದ ಒಂದು ಚುಕ್ಕೆ. ಹುಣ್ಣಿಗೆ ಹಚ್ಚುವ ನೇರಳೆ ಔಷಧಿ ಇದೆಯಲ್ಲ, ಅದು ಅಂದುಕೊಂಡೆ. ಸೋಪು ಹಾಕಿ ತಿಕ್ಕಿದೆ, ಅರ್ಧ ಹೋಯಿತು. ಸ್ಪಿರಿಟ್ ಹಾಕಿದೆ, ಪೂರ್ತಿ ಹೋಯಿತು.

ಅದರಿಂದ ಒಂದು ಬೆರಳಗಲ ಆಚೆಗೆ ಇನ್ನೊಂದು ಚುಕ್ಕೆ, ಹಸಿರುಗಪ್ಪು. ಅದು ಹೋಗಲಿಲ್ಲ. ಮತ್ತೆ ತಿಕ್ಕಿದೆ, ಹೋಗಲಿಲ್ಲ.

"ಅದ ಹೋಗೂದಿಲ್ಲ ಬಿಡ್ರಿ," ಅಂದಳು ತಾಯಿ. "ಹೋದ ತಿಂಗಳ ಊರಾಗ ಹಚ್ಚಿ ಹೊಯ್ಸೇನಿ. ನೋವು ಎಳಕೋತೈತಿ ಅಂತ."

ನನ್ನ ಮಣಿಕಟ್ಟಿನಲ್ಲೂ ಒಂದು ಹಚ್ಚೆ ಇದೆ, ಕಳೆ ಕಿತ್ತು ಕಿತ್ತು ಕೈ ನೋಯುತ್ತಿದ್ದ ಕಾಲದಲ್ಲಿ ನಮ್ಮವ್ವ ಹಾಕಿಸಿದ್ದು. ನೋವೇನೂ ಹೋಗಲಿಲ್ಲ. ಹಚ್ಚೆ ಕಲೆಯಲ್ಲ, ಸಿಸ್ಟರ್ ಬೈಯುವುದಿಲ್ಲ ಅಂದುಕೊಂಡು ಬಟ್ಟೆ ಸುತ್ತಿ ಕಟ್ಟಿದೆ. ಅವತ್ತು ಆ ಕಾಲು ಎಷ್ಟು ಚೊಕ್ಕಟವಾಗಿತ್ತು ಅಂದರೆ, ದೊಡ್ಡ ಸಿಸ್ಟರ್ ನೋಡಿ "ಪರವಾಗಿಲ್ವೇ" ಅಂದರು.

ಮತ್ತು ಬರಿಸುವ ಡಾಕ್ಟರಮ್ಮ ಬೆನ್ನಿಗೆ ಸೂಜಿ ಹಾಕಿದರು. ಸೊಂಟದಿಂದ ಕೆಳಗೆ ಜೋಮು, ಮೇಲೆ ಎಚ್ಚರ. ಎರಡು ವರ್ಷದಲ್ಲಿ ಮೊದಲ ಸಲ ಹುಡುಗಿಗೆ ಮಾತ್ರೆಯಿಲ್ಲದೆ ನೋವು ನಿಂತಿತು. "ಆಹಾ" ಅಂದಳು. ಮುಖಕ್ಕೂ ಕಾಲಿಗೂ ನಡುವೆ ಹಸಿರು ಬಟ್ಟೆ ಅಡ್ಡ ಕಟ್ಟಿದರು.

ಮೂಳೆ ಡಾಕ್ಟ್ರು ಕೈ ತೊಳೆದು ಬಂದು ಕಾಲಿಗೆ ಕಂದು ಔಷಧಿ ಬಳಿದರು. "ಮಾರ್ಕ್ ಎಲ್ಲಿ?" ಅಂದರು. ಬಗ್ಗಿ ನೋಡಿ, "ಹಾಂ, ಇದೆ," ಅಂದರು.

ಮಾರ್ಕ್ ಅನ್ನುವ ಮಾತು ನನ್ನ ಕಿವಿಗೆ ಬಿತ್ತು. ಯಾವ ಮಾರ್ಕ್? ಪಾದದ ಮೇಲೆ ಇರುವುದು ಒಂದೇ ಚುಕ್ಕೆ, ಅದು ಅವಳ ಅವ್ವ ಹಾಕಿಸಿದ ಹಚ್ಚೆ. ನೇರಳೆ ಚುಕ್ಕೆ ನನ್ನ ಬ್ರಷ್ಷಿನಲ್ಲಿ ಹೋಯಿತು. ಸ್ಕ್ಯಾನಿನವರು ಇಟ್ಟದ್ದನ್ನು ನಮ್ಮ ಡಾಕ್ಟ್ರು ನೋಡಿರಲಿಲ್ಲ. ಹಚ್ಚೆ ಹಾಕಿಸಿದ್ದು ಅವರು ಕಾಲು ನೋಡಿದ ಮೇಲೆ. ಅವರಿಗೆ ಹೇಗೆ ಗೊತ್ತಾಗಬೇಕು?

ಬಾಯಿ ತೆಗೆದರೆ ನನ್ನ ಕೆಲಸ ಹೋಗುತ್ತದೆ. ನನಗೇನು ಗೊತ್ತು, ಎರಡೂ ಒಂದೇ ಜಾಗವಿದ್ದರೂ ಇರಬಹುದು, ಒಂದು ಬೆರಳಗಲ ಏನು ಮಹಾ ಅಂದುಕೊಂಡೆ. ಹೀಗೆ ಅಂದುಕೊಳ್ಳುತ್ತಾ ನಿಂತೆ. ಅಷ್ಟರಲ್ಲಿ ಡಾಕ್ಟ್ರು ಚಾಕುವಿನ ತುದಿಯನ್ನು ಹಚ್ಚೆಯ ಮೇಲಿಟ್ಟು ಚರ್ಮ ಕೊಯ್ದರು. ಒಂದು ಹನಿ ರಕ್ತ ಬಂತು. ತಂತಿಗೆ ಕೈ ಚಾಚಿದರು.

"ಸಾರ್, ಅದು ಹಚ್ಚೆ."

ಯಾರೂ ತಿರುಗಲಿಲ್ಲ. ಬಕೆಟ್ ಮಾತಾಡಿದರೆ ಯಾರು ತಿರುಗುತ್ತಾರೆ?

"ಸಾರ್, ನಿಲ್ಸಿ! ಅದು ಸ್ಕ್ಯಾನಿನವ್ರು ಇಟ್ಟಿದ್ದಲ್ಲ, ಹಚ್ಚೆ. ಅವ್ರದ್ದು ನೇರಳೆ ಇತ್ತು. ನಾನು ತೊಳ್ದುಬಿಟ್ಟೆ."

"ಏಯ್, ಬಾಯ್ಮುಚ್ಕೊಂಡು ಆಚೆ ನಡಿ!" ಅಂದರು ದೊಡ್ಡ ಸಿಸ್ಟರ್.

"ಸಿಸ್ಟರ್, ಒಂದ್ನಿಮಿಷ." ಡಾಕ್ಟ್ರು ಸ್ಪಿರಿಟ್ ಬಟ್ಟೆಯಿಂದ ಚುಕ್ಕೆ ಉಜ್ಜಿದರು. ಕಂದು ಹೋಯಿತು, ಹಸಿರು ಉಳಿಯಿತು. ಅಡ್ಡ ಬಟ್ಟೆಯ ಮೇಲಿಂದ ಕೇಳಿದರು. "ಏನಮ್ಮ, ಪಾದದ ಮೇಲೆ ಹಚ್ಚೆ ಹಾಕಿಸ್ಕೊಂಡಿದೀಯಾ?"

"ಹೌದ್ರಿ."

"ಮೊದ್ಲೇ ಹೇಳ್ಬಾರ್ದಾ?"

"ನೀವು ಕೇಳಲಿಲ್ರಿ."

ಡಾಕ್ಟ್ರು ತಂತಿ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನನ್ನನ್ನು ಹತ್ತಿರ ಕರೆದರು. "ನೇರಳೆ ಎಲ್ಲಿತ್ತು? ಮುಟ್ಬೇಡ, ದೂರದಿಂದ ತೋರ್ಸು."

ಬೆರಳು ತೋರಿಸಿದೆ. ಆ ಬೆರಳ ತುದಿಯೇ ಅವರು ಹುಡುಕುತ್ತಿದ್ದ ಗಂಟಿನ ಮೂರರಷ್ಟು ಇತ್ತು.

"ಖಚಿತವಾ?"

ಹೂಂ ಅನ್ನಬಹುದಿತ್ತು. ಎಲ್ಲರಿಗೂ ಅದೇ ಬೇಕಾಗಿತ್ತು, ನನಗೂ. "ಇಲ್ಲ ಸಾರ್. ಇಲ್ಲೇ ಎಲ್ಲೋ ಇತ್ತು. ಎಲ್ಲೋ ಅಂದ್ರೆ ಸಾಲಲ್ಲ, ಅಲ್ವಾ?"

"ಸಾಲಲ್ಲ," ಅಂದರು. "ಎರಡ್ಸಲ ತೂತು ಹಾಕೋ ಮೂಳೆ ಅಲ್ಲ ಇದು."

ಬೇರೆ ದಿನವಾಗಿದ್ದರೆ ಒತ್ತಿ ನೋಡಬಹುದಿತ್ತು. ಸರಿಯಾದ ಜಾಗ ಮುಟ್ಟಿದರೆ ಹುಡುಗಿ ಕಿರುಚುತ್ತಿದ್ದಳು. ಈಗ ಕಾಲು ಜೋಮು, ಕೊಯ್ದರೂ ಗೊತ್ತಾಗುತ್ತಿರಲಿಲ್ಲ. ಸಿಸ್ಟರ್ ಕ್ಲೋಸ್ ಮಾಡಿ ಮುಂದಿನ ವಾರ ಇಟ್ಟುಕೊಳ್ಳೋಣ ಸಾರ್ ಅಂದರು. ಅದು ಸರಿಯಾದ ಮಾತು. ಆಗ ಬಟ್ಟೆಯ ಆಚೆಯಿಂದ ಹುಡುಗಿ ಶುರು ಮಾಡಿದಳು.

"ಬ್ಯಾಡ್ರಿ ಸಾಹೇಬ್ರ. ಮನಿಗೆ ಕಳಿಸಬ್ಯಾಡ್ರಿ. ಮುಂದಿನ ವಾರ ಇಲ್ರಿ. ನಮ್ಮವ್ವ ಇವತ್ತ ರಾತ್ರಿ ಬಸ್ಸಿಗೆ ಊರಿಗೆ ಒಯ್ತಾಳ್ರಿ. ಬರಿ ಎಳಸ್ತಾಳ್ರಿ. ಇಲ್ಲೇ ಕಡದುಬಿಡ್ರಿ ಕಾಲ, ಈಗ ಹೆಂಗೂ ಜೋಮ ಐತಿ." ಎದೆ ಮೇಲಿನ ಕೈ ಎತ್ತಿ ಮುಗಿಯಲು ಹೋದಳು. ಒಂದು ಕೈಗೆ ಡ್ರಿಪ್ ಇತ್ತು, ಎರಡೂ ಕೂಡಲಿಲ್ಲ.

ಡಾಕ್ಟ್ರು ಡಾಕ್ಟರಮ್ಮನ ಕಡೆ ನೋಡಿದರು. "ಎಷ್ಟು ಹೊತ್ತು ಇರುತ್ತೆ ಜೋಮು?"

"ಒಂದೂವರೆ ಗಂಟೆ. ಯಾಕೆ? ಬೇಡ. ನೀವು ಯೋಚ್ನೆ ಮಾಡ್ತಿರೋದು ಬೇಡ."

"ಸ್ಕ್ಯಾನಿಗೆ ತಗೊಂಡು ಹೋಗೋಣ. ಈ ಸಲ ಮಸಿ ಬೇಡ. ಅಲ್ಲೇ ನೋಡ್ಕೊಂಡು ತಂತಿನೇ ಇಳಿಸ್ಬಿಡ್ತೀನಿ. ವಾಪಸ್ ಬಂದು ಅದರ ಮೇಲೆ ಡ್ರಿಲ್ ಮಾಡ್ತೀನಿ."

"ದಾರೀಲಿ ಬಿಪಿ ಬಿದ್ರೆ?"

"ನೀವು ಬರ್ತೀರಲ್ಲ," ಅಂದರು. ಡಾಕ್ಟರಮ್ಮ ಏನೋ ಗೊಣಗಿ ಔಷಧಿ ಪೆಟ್ಟಿಗೆ ಎತ್ತಿಕೊಂಡರು.

ಹಚ್ಚೆಯ ಮೇಲಿನ ಗಾಯಕ್ಕೆ ಒಂದು ಹೊಲಿಗೆ ಹಾಕಿದರು. ಹತ್ತು ನಿಮಿಷದಲ್ಲಿ ನಾನು ಒಂದು ಡ್ರಮ್ಮಿಗೆ ಬೇಯಿಸಿದ ಬಟ್ಟೆ, ಗ್ಲೌಸು, ತಂತಿ, ಸುತ್ತಿಗೆ ತುಂಬಿದೆ. ಒಂದು ಸ್ಟೀಲ್ ಬಟ್ಟಲೂ ಇಡು ಅಂದರು, ಯಾಕೆ ಅಂತ ಕೇಳಲಿಲ್ಲ. ಹೊರಗೆ ತಾಯಿ ಎದ್ದು ನಿಂತಳು. "ಮುಗೀತೇನ್ರಿ?" ಅಂದಳು. ಸ್ಟ್ರೆಚರ್ ಅವಳ ಮುಂದೆ ಹಾದು ವ್ಯಾನಿಗೆ ಹತ್ತಿತು. ಹಿಂದೆಯೇ ಇಬ್ಬರು ಡಾಕ್ಟ್ರು, ದೊಡ್ಡ ಸಿಸ್ಟರ್, ಡ್ರಮ್ ಹಿಡಿದು ನಾನು ಹತ್ತಿದೆವು.

ಸ್ಕ್ಯಾನ್ ಸೆಂಟರಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ಗಾಜಿನ ಆಚೆಯಿಂದ ನೋಡಿದೆ. ಡಾಕ್ಟ್ರು ತಂತಿ ಇಟ್ಟು ಒಂದು ಏಟು ಹಾಕುವುದು, ಹೊರಗೆ ಬರುವುದು, ಯಂತ್ರ ಪಾದವನ್ನು ನುಂಗುವುದು, ಪರದೆ ನೋಡುವುದು, ಮತ್ತೆ ಒಳಗೆ ಹೋಗಿ ಕೂದಲೆಳೆಯಷ್ಟು ಓರೆ ಮಾಡಿ ಇನ್ನೊಂದು ಏಟು. ಆರು ಸಲವೋ ಏಳು ಸಲವೋ. ಕೊನೆಗೆ ಪರದೆಯ ಮುಂದೆ ನಿಂತು ಸರಿಯಾಯಿತು ಅನ್ನುವ ಹಾಗೆ ತಲೆ ಆಡಿಸಿದರು. ಅಲ್ಲೇ ಡ್ರಿಲ್ ಮಾಡಿಬಿಡಬಹುದಿತ್ತು. ಸೆಂಟರಿನವರು ಒಪ್ಪಲಿಲ್ಲ. ಇದು ಥಿಯೇಟರ್ ಅಲ್ಲ ಸಾರ್, ಹೊರಗೆ ಜನ ಕಾಯ್ತಿದ್ದಾರೆ ಅಂದರು.

ತಂತಿ ಪಾದದಿಂದ ಗೇಣುದ್ದ ಮೇಲೆ ಎದ್ದು ನಿಂತಿತ್ತು. ಅದನ್ನು ತುಂಡು ಮಾಡಿ, ಮೇಲೆ ಬಟ್ಟಲು ಬೋರಲು ಹಾಕಿ, ಪಟ್ಟಿ ಸುತ್ತಿದರು. ಬಟ್ಟಲು ಅಲುಗಿ ತಂತಿಗೆ ತಗುಲಿದರೆ ತಂತಿ ಜರುಗುತ್ತದೆ, ಜರುಗಿದರೆ ಎಲ್ಲ ಹಾಳು. ಯಾರಾದರೂ ಕಾಲನ್ನು ಹಿಡಿದು ಕೂರಬೇಕು. ಸಿಸ್ಟರ್ ಮುಂದೆ ಬಂದರು. ಡಾಕ್ಟ್ರು ನನ್ನ ಕಡೆ ನೋಡಿದರು.

"ಒರೆಸಿದವಳು ನೀನೇ. ಹಿಡ್ಕೊಳೋಳೂ ನೀನೇ. ಕೂತ್ಕೋ."

ವ್ಯಾನಿನ ನೆಲದ ಮೇಲೆ ಕಾಲು ಚಾಚಿ ಕೂತೆ. ಹುಡುಗಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದೆ. ಬರುವಾಗ ಇಪ್ಪತ್ತು ನಿಮಿಷ ಆಗಿತ್ತು. ಆಸ್ಪತ್ರೆಗೆ ವಾಪಸ್ ಹೋಗುವಾಗ ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತೆವು. ನನ್ನ ಮನೆ ಅಲ್ಲೇ, ಮಾರ್ಕೆಟ್ ಹಿಂದೆ. ಆ ಸಿಗ್ನಲ್ ನನಗೆ ಗೊತ್ತು. ಹತ್ತು ಗಂಟೆ ಹೊತ್ತಿಗೆ ಸೊಪ್ಪಿನ ಗಾಡಿಗಳು ರಸ್ತೆಗೇ ಬಂದುಬಿಡುತ್ತವೆ. ಡ್ರೈವರ್ ಹಾರನ್ ಹೊಡೆದ. ಮುಂದಿನ ಆಟೋದವನು ತಲೆ ಹೊರಗೆ ಹಾಕಿ, "ಏನ್ ಗುರು, ಮೇಲಿಂದ ಹಾರ್ಸ್ಲಾ?" ಅಂದ. ರಸ್ತೆಯ ಪ್ರತಿ ಉಬ್ಬಿಗೂ ನಾನು ಕುಂಡಿ ಎತ್ತಿ ಕಾಲನ್ನು ಗಾಳಿಯಲ್ಲಿ ಹಿಡಿಯುತ್ತಿದ್ದೆ. ತೋಳು ನಡುಗಲು ಶುರುವಾಯಿತು. ನಡುಗಬಾರದು. ಹಲ್ಲು ಕಚ್ಚಿ ಹಿಡಿದೆ.

"ಆಯಿ," ಅಂದಳು ಹುಡುಗಿ.

"ಏನು?"

"ಬೆರಳು ಜುಮ್ ಅನ್ನಾಕತ್ತಾವ."

ಡಾಕ್ಟರಮ್ಮ ಗಡಿಯಾರ ನೋಡಿದರು, ಡಾಕ್ಟ್ರ ಮುಖ ನೋಡಿದರು. ಜೋಮು ಬಿಡುತ್ತಿತ್ತು. ಕಾಲು ತನ್ನಷ್ಟಕ್ಕೆ ಅಲುಗಿಬಿಟ್ಟರೆ?

"ನೋಡವ್ವ," ಅಂದೆ. "ನಾನು ನಿನ್ನ ಕಾಲು ಹಾಳು ಮಾಡಕ್ಕೆ ಹೋದೆ. ಈಗ ನೀನು ಮಾಡ್ಬೇಡ. ಎಷ್ಟು ನೋವಾದ್ರೂ ಬೆರಳು ಆಡಿಸ್ಬೇಡ."

"ಇಲ್ರಿ," ಅಂದಳು. ಆಡಿಸಲಿಲ್ಲ. ಸಿಗ್ನಲ್ ದಾಟುವ ಹೊತ್ತಿಗೆ ಅವಳ ಕಣ್ಣಿನಿಂದ ಎರಡೂ ಕಡೆ ಕಿವಿಗೆ ನೀರು ಇಳಿಯುತ್ತಿತ್ತು. ಹಿಮ್ಮಡಿ ಮಾತ್ರ ನನ್ನ ಕೈಯಲ್ಲಿ ಕಲ್ಲಿನ ಹಾಗಿತ್ತು. ಎರಡು ವರ್ಷ ನೋವು ತಿಂದು ಅಭ್ಯಾಸವಿದ್ದವಳು, ಅದಕ್ಕೇ ಆಯಿತು.

ಥಿಯೇಟರಿಗೆ ಬಂದೊಡನೆ ಡಾಕ್ಟರಮ್ಮ ಮಂಡಿಯ ಹಿಂದೆ ಇನ್ನೊಂದು ಸೂಜಿ ಹಾಕಿದರು. ಬಟ್ಟಲು ತೆಗೆದು ಎಕ್ಸ್‌ರೇ ನೋಡಿದರು. ತಂತಿ ಇದ್ದಲ್ಲೇ ಇತ್ತು. ಮತ್ತೆ ಕಂದು ಔಷಧಿ, ಮತ್ತೆ ಹಸಿರು ಬಟ್ಟೆ. ತಂತಿಗೆ ಟೊಳ್ಳು ಬೈರಿಗೆ ಪೋಣಿಸಿ ತಿರುಗಿಸಿದರು. ಸುಟ್ಟ ಕೊಂಬಿನ ವಾಸನೆ ಬಂತು. ಬೈರಿಗೆಯ ಒಳಗಿಂದ ಒಂದು ಕಡ್ಡಿಯಿಂದ ತಳ್ಳಿ, ಬಟ್ಟೆಯ ಮೇಲೆ ಬೀಳಿಸಿದರು. ಸೀಮೆಸುಣ್ಣದ ಚೂರಿನ ಹಾಗೆ ಬಿಳಿ ಮೂಳೆ. ಅದರ ನಡುವೆ ಕೆಂಪಗೆ, ತೊಗರಿಕಾಳಿನಷ್ಟು ಒಂದು ಚುಕ್ಕೆ.

"ಬಾ, ನೋಡು," ಅಂದರು ಡಾಕ್ಟ್ರು. ನನಗೇ ಹೇಳಿದ್ದು. ನೋಡಿದೆ. ಇಷ್ಟಕ್ಕೆ ಎರಡು ವರ್ಷ ಒಂದು ಹುಡುಗಿ ಮಲಗಿಲ್ಲ. ಸೀಸೆಗೆ ಹಾಕಿ ಮುಚ್ಚಳ ಬಿಗಿದೆ.

ಮಾರನೆಯ ದಿನವೇ ದೊಡ್ಡ ಸಿಸ್ಟರ್ ನನ್ನನ್ನು ಥಿಯೇಟರಿನಿಂದ ತೆಗೆದು ಹಿಂದೆ ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಡಾಕ್ಟ್ರು ತಡೆಯಲಿಲ್ಲ. ಸಿಸ್ಟರ್ ತಪ್ಪು ಮಾಡಲಿಲ್ಲ. ತೊಳೆದದ್ದಕ್ಕಲ್ಲ, ತಿಳಿದ ಮೇಲೂ ಸುಮ್ಮನೆ ನಿಂತದ್ದಕ್ಕೆ ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಒಗೆಯುವ ಕಲ್ಲಿನ ಹತ್ತಿರ ಯಾರೋ ಬಂದು ನಿಂತರು. ಆ ಹುಡುಗಿ. ಡಾಕ್ಟ್ರಿಗೆ ತೋರಿಸಲು ಬಂದವಳು ನನ್ನನ್ನು ಹುಡುಕಿಕೊಂಡು ಹಿಂದಕ್ಕೆ ಬಂದಿದ್ದಳು. ಅವ್ವ ಕೊಟ್ಟಳು ಅಂತ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ಕೊಟ್ಟಳು. ಚಪ್ಪಲಿ ಬಿಟ್ಟು ಬಲಗಾಲನ್ನು ಕಲ್ಲಿನ ಮೇಲೆ ಇಟ್ಟಳು.

"ನೋಡ್ರಿ ಆಯಿ, ಅವ್ವ ಹೊಯ್ಸಿದ ಚುಕ್ಕಿ ಎರಡಾಗೇತಿ."

ನೋಡಿದೆ. ಹೊಲಿಗೆಯ ಗೆರೆ ಹಚ್ಚೆಯನ್ನು ನಡುವೆ ಸೀಳಿತ್ತು. ಅದರಿಂದ ಬೆರಳಗಲ ಈಚೆ ಇನ್ನೊಂದು ಗೆರೆ, ಅದು ಡಾಕ್ಟ್ರದ್ದು.

"ಇದು ನನ್ನದು," ಅಂದೆ ಹಚ್ಚೆಯ ಗೆರೆ ತೋರಿಸಿ. "ಬಾಯಿ ಮುಚ್ಕೊಂಡು ನಿಂತಿದ್ದೆನಲ್ಲ, ಅಷ್ಟುದ್ದ."

"ಗೊತ್ತೈತ್ರಿ. ನಾ ಎಚ್ಚರಿದ್ದೆ." ನಕ್ಕಳು. "ಇನ್ನೊಂದೀಟು ನಿಂತಿದ್ರ ತಂತಿ ಹೊಡೀತಿದ್ರಲ್ಲ."

"ನಿದ್ದೆ ಬರುತ್ತಾ?"

"ಅದನ್ನೇ ಹೇಳಾಕ ಬಂದೆ. ನಿನ್ನೆ ಅವ್ವ ಎಬ್ಬಿಸಿ ಎಬ್ಬಿಸಿ ಸಾಕಾಗಿ ನೀರ ಹಾಕಿದ್ಲ್ರಿ. ಅಂಗಡಿಗೆ ಒಂದ ತಾಸ ತಡ. ಮ್ಯಾನೇಜರ್ ಬಾಗಲದಾಗ ನಿಂತಿದ್ದ. ಎರಡ ವರ್ಷ ನೋವ ಅಂದಾಗ ಸುಳ್ಳ ಅಂದಿದ್ನಲ್ರಿ. ನಿದ್ದಿ ಹತ್ತಿತ್ರಿ ಅಂದೆ. ಅದೂ ಸುಳ್ಳ ಅಂದ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ನೋವಿದ್ದ ಕಾಲು ಯಾವುದು ಅಂತ ನಡಿಗೆಯಲ್ಲಿ ಗೊತ್ತಾಗಲಿಲ್ಲ. ನಾನು ಗೇಟು ದಾಟುವವರೆಗೂ ನೋಡಿದೆ, ಗೊತ್ತಾಗಲಿಲ್ಲ.